ಭಯದ ಮೂಸೆಯಲ್ಲಿ ಸತ್ಯದ ಪರೀಕ್ಷೆ: ಆರ್ಥರ್ ಮಿಲ್ಲರರ ‘ದಿ ಕ್ರೂಸಿಬಲ್’ ನಾಟಕವನ್ನು ಕುರಿತು



ಅಕ್ಕಸಾಲಿಗನು ಚಿನ್ನವನ್ನು ಕರಗಿಸುವ ಪುಟ್ಟ ಪಾತ್ರೆಗೆ ನಮ್ಮಲ್ಲಿ ಮೂಸೆ ಎಂದು ಹೆಸರು. ಮೂಸೆಯು ಬೆಂಕಿಯ ಮೇಲೇರಿದಾಗ ಲೋಹ ಯಾವುದು, ಕಲ್ಮಶ ಯಾವುದು ಎಂಬುದು ತಾನಾಗಿಯೇ ಬೇರ್ಪಟ್ಟು ತೋರುತ್ತದೆ. ಅಮೆರಿಕದ ನಾಟಕಕಾರರಾದ ಆರ್ಥರ್ ಮಿಲ್ಲರರು (1915–2005) ತಮ್ಮ ನಾಲ್ಕಂಕಗಳ ನಾಟಕವೊಂದಕ್ಕೆ ಇಟ್ಟಿರುವ ‘ದಿ ಕ್ರೂಸಿಬಲ್’ ಎಂಬ ಹೆಸರಿಗೆ ಈ ಮೂಸೆ ಎಂಬುದೇ ಅರ್ಥ. 1953ರ ಜನವರಿ 22ರಂದು ನ್ಯೂಯಾರ್ಕ್ ನಗರದಲ್ಲಿ ಮೊದಲ ಪ್ರದರ್ಶನವನ್ನು ಕಂಡ ಈ ನಾಟಕವು ಇಂದಿಗೂ ಜಗತ್ತಿನ ಅನೇಕ ರಂಗಭೂಮಿಗಳಲ್ಲಿ ಜೀವಂತವಾಗಿದೆ. ಪ್ರಸಾದನಿಲಯದಲ್ಲಿದ್ದು ಆಂಗ್ಲ ಸಾಹಿತ್ಯವನ್ನು ಅಭ್ಯಸಿಸಿದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಪರೀಕ್ಷೆಗಾಗಿ ಓದಿಯೂ ಇರಬಹುದು. ಪರೀಕ್ಷೆಯ ಹಂಗು ತೀರಿದ ಮೇಲೆ ಇದನ್ನು ಮತ್ತೊಮ್ಮೆ ತೆರೆದು ನೋಡಿರೆಂದು ಬಿನ್ನವಿಸುವುದೇ ಈ ಲೇಖನದ ಉದ್ದೇಶ.

ಈ ನಾಟಕವನ್ನು ಸಾಮಾನ್ಯವಾಗಿ ಧರ್ಮಾಂಧತೆಯ ವಿರುದ್ಧ ಒಬ್ಬ ಸ್ವತಂತ್ರ ಮನುಷ್ಯನು ಸಾರಿದ ಬಂಡಾಯವೆಂದು ವರ್ಣಿಸುವುದು ರೂಢಿ. ಒಂದು ಕಡೆಗೆ ಮತ, ಇನ್ನೊಂದು ಕಡೆಗೆ ಮನುಷ್ಯ. ಮತವು ಕೊಲ್ಲುತ್ತದೆ, ಮನುಷ್ಯನು ಎದುರಿಸಿ ಸಾಯುತ್ತಾನೆ ಎಂಬುದು ಆ ವರ್ಣನೆಯ ತಿರುಳು. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ. ನಾಟಕವನ್ನೂ ಅದರ ಹಿಂದಿರುವ ಇತಿಹಾಸವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಆ ಸಮಾಜವನ್ನು ಹುಚ್ಚಿಗೆ ನೂಕಿದ್ದು ಬರಿಯ ಶ್ರದ್ಧೆಯಲ್ಲ, ಶ್ರದ್ಧೆಯ ವೇಷ ತೊಟ್ಟ ಭಯ. ಆ ಹುಚ್ಚನ್ನು ಬಿಡಿಸಿದವರು ಶ್ರದ್ಧೆಯನ್ನು ಬಿಟ್ಟವರೂ ಅಲ್ಲ. ಸುಳ್ಳಾಡಬಾರದೆಂಬ ಅದೇ ಶ್ರದ್ಧೆಯ ವಿಧಿಯನ್ನು ನೇಣುಗಂಬದ ಕೆಳಗೂ ಬಿಡದವರು. ಧರ್ಮಸಂಸ್ಥೆಯ ಆಶ್ರಯದಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಈ ವ್ಯತ್ಯಾಸವು ಮುಖ್ಯವಾದುದೆಂದು ನನ್ನ ನಂಬಿಕೆ.

ಮೊದಲು ಹಿನ್ನೆಲೆಯನ್ನು ಅರಿಯೋಣ. ಇಂಗ್ಲೆಂಡಿನ ರಾಜಮಾನ್ಯ ಚರ್ಚಿನಲ್ಲಿ ಆಡಂಬರವೂ ಅಶುದ್ಧಿಯೂ ಹೆಚ್ಚಿದುವೆಂದು ಬಗೆದು, ಅದನ್ನು ಶುದ್ಧಗೊಳಿಸಬೇಕೆಂದು ಹಟ ಹಿಡಿದವರು ಪ್ಯೂರಿಟನ್ನರು. 1630ರಲ್ಲಿ ಜಾನ್ ವಿಂತ್ರಾಪನ ನೇತೃತ್ವದಲ್ಲಿ ಅವರ ದೊಡ್ಡ ತಂಡವೊಂದು ಸಾಗರವನ್ನು ದಾಟಿ ಮ್ಯಾಸಚೂಸೆಟ್ಸ್ ತೀರದಲ್ಲಿ ನೆಲೆಯೂರಿತು. ದೇವರೊಡನೆ ತಾವೆಲ್ಲ ಒಟ್ಟಾಗಿ ಒಡಂಬಡಿಕೆ ಮಾಡಿಕೊಂಡಿರುವೆವೆಂದೂ, ಒಬ್ಬನ ಪಾಪಕ್ಕೆ ಇಡೀ ಸಮುದಾಯವೇ ದಂಡ ತೆರಬೇಕಾದೀತೆಂದೂ ಅವರು ನಂಬಿದ್ದರು. ಈ ನಂಬಿಕೆಯಿಂದ ಹುಟ್ಟಿದ ಗುಣಗಳು ಅನೇಕ: ಅಕ್ಷರಾಭ್ಯಾಸದಲ್ಲಿ ಆಸಕ್ತಿ, ದುಡಿಮೆಯಲ್ಲಿ ನಿಷ್ಠೆ, ಮಾತಿನಲ್ಲಿ ಸತ್ಯ, ಬದುಕಿನಲ್ಲಿ ಸರಳತೆ. ಇದೇ ನಂಬಿಕೆಯಿಂದ ಹುಟ್ಟಿದ ದೋಷವೂ ಒಂದು: ನೆರೆಯವನ ಮನೆಯ ಬಾಗಿಲಲ್ಲಿ ಕಿವಿಯಿಟ್ಟು ಕೇಳುವುದು ಅಲ್ಲಿ ಕರ್ತವ್ಯವೆನಿಸಿತು.

1631ರಿಂದ ಚರ್ಚಿನ ಸದಸ್ಯರಿಗಷ್ಟೇ ಮತದಾನದ ಹಕ್ಕು ಎಂಬ ನಿಯಮವು ಜಾರಿಗೆ ಬಂದಿತು. ಭಿನ್ನವಾಗಿ ಚಿಂತಿಸಿದ ರಾಜರ್ ವಿಲಿಯಮ್ಸ್, ಸಭೆಗಳನ್ನು ನಡೆಸಿ ಪಾದ್ರಿಗಳ ಬೋಧನೆಯನ್ನು ವಿಮರ್ಶಿಸಿದ ಆ್ಯನ್ ಹಚಿನ್ಸನ್ ಎಂಬ ಹೆಣ್ಣುಮಗಳು, ಇಬ್ಬರೂ ಗಡೀಪಾರಾದರು. 1659ರಿಂದ 1661ರವರೆಗೆ ನಾಲ್ವರು ಕ್ವೇಕರ್ ಪಂಥೀಯರನ್ನು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಲಾಯಿತು. ಅವರಲ್ಲಿ ಮೇರಿ ಡಯರ್ ಎಂಬ ಸ್ತ್ರೀಯೂ ಒಬ್ಬಳು. ಹಿಂಸೆಯನ್ನು ತಾಳಲಾರದೆ ಕಡಲನ್ನು ದಾಟಿ ಬಂದವರೇ ಹಿಂಸೆಗೆ ಕೈಹಾಕಿದರು. ಅನ್ಯಾಯವನ್ನು ಅನುಭವಿಸಿದ ಮಾತ್ರಕ್ಕೆ ಮನುಷ್ಯನು ನ್ಯಾಯವಂತನಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು 1692ರ ಹೊತ್ತಿಗೆ ಆ ನಾಡನ್ನು ಮುತ್ತಿದ್ದ ಭೀತಿಗಳನ್ನು ಎಣಿಸಿ ನೋಡಿರಿ. ಸ್ವಯಮಾಡಳಿತಕ್ಕೆ ಆಧಾರವಾಗಿದ್ದ ರಾಜಸನ್ನದು 1684ರಲ್ಲಿ ರದ್ದಾಯಿತು. ಅರಸನು ಕಳುಹಿಸಿದ ಗವರ್ನರ್ ಎಡ್ಮಂಡ್ ಆ್ಯಂಡ್ರೋಸನ ದರ್ಪವನ್ನು ಸಹಿಸದೆ, 1689ರ ಏಪ್ರಿಲ್ 18ರಂದು ಬಾಸ್ಟನ್ನಿನ ಜನರು ದಂಗೆಯೆದ್ದು ಅವನನ್ನು ಸೆರೆಯಲ್ಲಿಟ್ಟರು. ಅಲ್ಲಿಂದ ಮೂರು ವರ್ಷಗಳ ಕಾಲ ಆ ಪ್ರಾಂತಕ್ಕೆ ಸ್ಥಿರವಾದ ಕಾನೂನಿನ ಆಡಳಿತವೇ ಇರಲಿಲ್ಲ. ಉತ್ತರದ ಗಡಿಯಲ್ಲಿ ಫ್ರೆಂಚರೊಡನೆಯೂ ಅವರ ಮಿತ್ರರಾದ ಮೂಲನಿವಾಸಿಗಳೊಡನೆಯೂ ಯುದ್ಧ ನಡೆದಿತ್ತು. 1692ರ ಜನವರಿಯಲ್ಲಿ ಯಾರ್ಕ್ ಎಂಬ ಗಡಿಯೂರಿನ ಮೇಲೆ ದಾಳಿಯಾಯಿತು. ಗಡಿಯ ಯುದ್ಧಗಳಲ್ಲಿ ಮನೆಮಠ ಕಳೆದುಕೊಂಡ ಅನಾಥ ಮಕ್ಕಳು ಸೇಲಂ ಕಡೆಯ ಮನೆಗಳಲ್ಲಿ ಆಳುಗಳಾಗಿ ಸೇರಿದ್ದರು. ಸೇಲಂ ಗ್ರಾಮದೊಳಗಂತೂ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ವೇತನಕ್ಕೂ ಸೌದೆಗೂ ಸಂಬಂಧಿಸಿದ ಜಗಳವು ಊರನ್ನು ಎರಡಾಗಿ ಸೀಳಿತ್ತು. ಹೊರಗೆ ಶತ್ರು, ಒಳಗೆ ಒಡಕು, ಮೇಲೆ ಅರಾಜಕತೆ. ಇಂಥ ಕಾಲದಲ್ಲಿ ಭಯಕ್ಕೆ ಒಂದು ಮುಖ ಬೇಕಾಗುತ್ತದೆ. ಆ ಮುಖವನ್ನು ನೆರೆಮನೆಯವಳಲ್ಲಿ ಕಂಡುಕೊಂಡದ್ದೇ ಸೇಲಂನ ದುರಂತ.

ಪ್ಯಾರಿಸನ ಒಂಬತ್ತು ವರ್ಷದ ಮಗಳು ಬೆಟಿ, ಅವಳಿಗಿಂತ ಸ್ವಲ್ಪ ಹಿರಿಯಳಾದ ಆಬಿಗೇಲ್ ವಿಲಿಯಮ್ಸ್, ಇಬ್ಬರೂ ವಿಚಿತ್ರವಾಗಿ ಕಿರಿಚತೊಡಗಿದರು, ಮೈ ತಿರುಚಿಕೊಳ್ಳತೊಡಗಿದರು. ಯಾರೋ ಮಾಟ ಮಾಡಿದ್ದಾರೆಂಬ ತೀರ್ಮಾನವಾಯಿತು. ಮೊದಲು ಸೆರೆಯಾದವರು ಮೂವರು: ಪ್ಯಾರಿಸನ ಮನೆಯ ಗುಲಾಮಳು ಟಿಟುಬಾ, ಬಡವಿ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಊರಿನಲ್ಲಿ ಯಾರ ಪರವಾಗಿ ಮಾತನಾಡುವವರು ಕಡಿಮೆಯೋ ಅವರೇ ಮೊದಲ ಬಲಿಗಳಾದರು. ಮೇ ತಿಂಗಳಲ್ಲಿ ಹೊಸ ಸನ್ನದಿನೊಡನೆ ಬಂದಿಳಿದ ಗವರ್ನರ್ ವಿಲಿಯಂ ಫಿಪ್ಸನು ವಿಶೇಷ ನ್ಯಾಯಾಲಯವೊಂದನ್ನು ನೇಮಿಸಿದನು. ಅದರ ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್. ಆ ನ್ಯಾಯಾಲಯವು ‘ಛಾಯಾಸಾಕ್ಷ್ಯ’ವನ್ನು ಅಂಗೀಕರಿಸಿತು. ಆರೋಪಿಯು ತನ್ನ ಮನೆಯಲ್ಲಿ ನಿದ್ರಿಸುತ್ತಿದ್ದರೂ ಸರಿಯೆ, ಆಕೆಯ ಛಾಯಾರೂಪವು ಬಂದು ನನ್ನನ್ನು ಕಚ್ಚಿತು, ಹಿಸುಕಿತು ಎಂದು ಒಬ್ಬಳು ಹೇಳಿದರೆ ಸಾಕು, ಅದು ಪುರಾವೆಯಾಯಿತು. ಇದಕ್ಕೆ ಉತ್ತರ ಕೊಡುವ ದಾರಿ ಯಾವ ನಿರಪರಾಧಿಗೆ ತಾನೆ ಇದೆ? ಜೂನ್ 10ರಿಂದ ಸೆಪ್ಟೆಂಬರ್ 22ರೊಳಗೆ 14 ಸ್ತ್ರೀಯರೂ 5 ಪುರುಷರೂ, ಒಟ್ಟು 19 ಮಂದಿ ಗಲ್ಲಿಗೇರಿದರು. ವಿಚಾರಣೆಗೆ ಒಪ್ಪದ ವೃದ್ಧ ಜೈಲ್ಸ್ ಕೋರಿಯನ್ನು ಸೆಪ್ಟೆಂಬರ್ 19ರಂದು ಎದೆಯ ಮೇಲೆ ಕಲ್ಲುಗಳನ್ನು ಹೇರಿ ಕೊಲ್ಲಲಾಯಿತು. ಸೆರೆಮನೆಯಲ್ಲಿ ಸತ್ತವರು ಕನಿಷ್ಠ ಐವರು. ಆರೋಪಕ್ಕೆ ಗುರಿಯಾದವರು 150ಕ್ಕೂ ಮಿಕ್ಕು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ತಾನು ಮಾಟಗಾತಿಯೆಂದು ಒಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರನ್ನು ಆ ವರ್ಷ ಗಲ್ಲಿಗೇರಿಸಲಿಲ್ಲ. ಗಲ್ಲಿಗೇರಿದವರು ಒಪ್ಪದವರು, ಇಲ್ಲವೆ ಸ್ಯಾಮ್ಯುಯೆಲ್ ವಾರ್ಡ್‌ವೆಲ್ಲನಂತೆ ಮೊದಲು ಒಪ್ಪಿ, ಬಳಿಕ ಅದು ಸುಳ್ಳೆಂದು ಹಿಂತೆಗೆದುಕೊಂಡವರು. ಸುಳ್ಳಾಡಿದವನಿಗೆ ಜೀವದಾನ, ಸತ್ಯ ನುಡಿದವನಿಗೆ ಮರಣದಂಡನೆ. ಮಿಲ್ಲರರ ನಾಟಕವು ನಿಂತಿರುವುದು ಈ ತಲೆಕೆಳಗಾದ ನ್ಯಾಯದ ಮೇಲೆಯೇ.

ನಾಟಕದ ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಕಾಡಿನಲ್ಲಿ ಕದ್ದು ಕುಣಿದ ಹುಡುಗಿಯರು ಶಿಕ್ಷೆಗೆ ಹೆದರಿ ಮಾಟದ ಕಥೆಯನ್ನು ಕಟ್ಟುತ್ತಾರೆ. ಅವರ ನಾಯಕಿ ಆಬಿಗೇಲಳಿಗೆ ಜಾನ್ ಪ್ರಾಕ್ಟರ್ ಎಂಬ ರೈತನೊಡನೆ ಹಿಂದೆ ಅಕ್ರಮ ಸಂಬಂಧವಿದ್ದಿತು. ಅವನ ಹೆಂಡತಿ ಎಲಿಜಬೆತ್ತಳ ಸ್ಥಾನವನ್ನು ತಾನು ಪಡೆಯಬೇಕೆಂಬುದು ಅವಳ ಹಂಬಲ. ಎರಡನೆಯ ಅಂಕದಲ್ಲಿ ಎಲಿಜಬೆತ್ತಳ ಮೇಲೆ ಆರೋಪ ಬರುತ್ತದೆ. ಮನೆಯಲ್ಲಿ ದೊರೆತ ಗೊಂಬೆಯೊಳಗಿನ ಸೂಜಿಯೇ ಸಾಕ್ಷ್ಯವಾಗುತ್ತದೆ. ಮೂರನೆಯ ಅಂಕದಲ್ಲಿ ಪ್ರಾಕ್ಟರನು ತನ್ನ ಮನೆಗೆಲಸದ ಹುಡುಗಿ ಮೇರಿ ವಾರೆನ್ನಳನ್ನು ನ್ಯಾಯಾಲಯಕ್ಕೆ ಕರೆತಂದು ಸತ್ಯವನ್ನು ಹೇಳಿಸಲೆತ್ನಿಸಿ, ಕೊನೆಗೆ ತನ್ನ ವ್ಯಭಿಚಾರವನ್ನು ತಾನೇ ಬಹಿರಂಗಪಡಿಸಿ, ತಾನೂ ಸೆರೆಗೆ ಬೀಳುತ್ತಾನೆ. ನಾಲ್ಕನೆಯ ಅಂಕವು ಸೆರೆಮನೆಯಲ್ಲಿ ನಡೆಯುತ್ತದೆ. ಬದುಕುವ ಆಸೆಯಿಂದ ಸುಳ್ಳು ತಪ್ಪೊಪ್ಪಿಗೆಗೆ ಸಹಿ ಹಾಕಿದ ಪ್ರಾಕ್ಟರನು, ಅದನ್ನು ಚರ್ಚಿನ ಬಾಗಿಲಿಗೆ ಅಂಟಿಸುವರೆಂದು ತಿಳಿದೊಡನೆ ಹರಿದೊಗೆದು ನೇಣಿಗೆ ನಡೆಯುತ್ತಾನೆ.

ಭಯವು ಒಂದು ಸಮಾಜದಲ್ಲಿ ಹೇಗೆ ಹಬ್ಬುತ್ತದೆ ಎಂಬುದನ್ನು ತೋರಿಸುವಲ್ಲಿ ಮಿಲ್ಲರರು ಅಸಾಧಾರಣ ಕೌಶಲವನ್ನು ಮೆರೆದಿದ್ದಾರೆ. ಮೊದಲ ಅಂಕದಲ್ಲಿ ಟಿಟುಬಾಳನ್ನು ಹೊಡೆದು ಕೊಲ್ಲುವೆವೆಂದು ಬೆದರಿಸಿದಾಗ ಅವಳು ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡ ಮರುಕ್ಷಣವೇ ಎಲ್ಲರೂ ಅವಳೊಡನೆ ಮೃದುವಾಗಿ ಮಾತನಾಡತೊಡಗುತ್ತಾರೆ. ಹೆಸರುಗಳನ್ನು ಹೇಳಿದರೆ ಗೌರವ ದೊರೆಯುತ್ತದೆ ಎಂಬ ಪಾಠವನ್ನು ಆ ಕೋಣೆಯಲ್ಲಿದ್ದ ಹುಡುಗಿಯರು ಅಲ್ಲಿಯೇ ಕಲಿಯುತ್ತಾರೆ. ಅದುವರೆಗೆ ಮನೆಗೆಲಸ ಮಾಡಿ ಬೈಗುಳ ತಿನ್ನುತ್ತಿದ್ದ ಮಕ್ಕಳ ಮಾತಿಗೆ ಈಗ ಗವರ್ನರನ ಪ್ರತಿನಿಧಿಗಳೂ ತಲೆಬಾಗುತ್ತಾರೆ. ಭಯವು ದುರ್ಬಲರಿಗೆ ಅಧಿಕಾರವನ್ನು ಕೊಟ್ಟಿತು. ಬಲಿಷ್ಠರಿಗೆ ಲಾಭವನ್ನು ಕೊಟ್ಟಿತು. ನೆರೆಯವರು ನೇಣಿಗೇರಿದರೆ ಅವರ ಭೂಮಿಯನ್ನು ಕೊಳ್ಳಲು ಹಣವುಳ್ಳವನು ಥಾಮಸ್ ಪುಟ್ನಮ್ ಒಬ್ಬನೇ ಎಂದು ನಾಟಕದ ಜೈಲ್ಸ್ ಕೋರಿ ಬೆರಳು ತೋರಿಸುತ್ತಾನೆ. ತನಗೆ ಈ ಸಂಗತಿಯನ್ನು ತಿಳಿಸಿದವನ ಹೆಸರನ್ನು ಹೇಳಲು ಮಾತ್ರ ಒಪ್ಪುವುದಿಲ್ಲ; ಹೇಳಿದರೆ ಅವನೂ ಸೆರೆಗೆ ಹೋಗುವನೆಂದು ಅವನಿಗೆ ಗೊತ್ತು.

ಮೂರನೆಯ ಅಂಕದ ಇನ್ನೊಂದು ಸಂದರ್ಭವನ್ನು ನೀವು ವಿಶೇಷವಾಗಿ ಗಮನಿಸಬೇಕು. ರೆಬೆಕಾ ನರ್ಸ್, ಮಾರ್ಥಾ ಕೋರಿ, ಎಲಿಜಬೆತ್ ಇವರ ಸನ್ನಡತೆಗೆ ಸಾಕ್ಷಿಯಾಗಿ 91 ಮಂದಿ ಗ್ರಾಮಸ್ಥರು ಸಹಿ ಹಾಕಿದ ಮನವಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಲಾಗುತ್ತದೆ. ಡ್ಯಾನ್‌ಫೋರ್ತ್ ಎಂಬ ನ್ಯಾಯಾಧೀಶನು ಆ 91 ಮಂದಿಯನ್ನೂ ವಿಚಾರಣೆಗಾಗಿ ಹಿಡಿದು ತರಲು ಆಜ್ಞಾಪಿಸುತ್ತಾನೆ. ಒಳ್ಳೆಯ ಮಾತನ್ನಾಡಿದ್ದೇ ಅಪರಾಧವಾಯಿತು. ನ್ಯಾಯಾಲಯದೊಡನೆ ಇರುವವನು, ಅದನ್ನು ವಿರೋಧಿಸುವವನು ಎಂಬ ಎರಡೇ ಬಗೆಯ ಮನುಷ್ಯರು ಅವನ ಕಣ್ಣಿಗೆ ಕಾಣುತ್ತಾರೆ. ಸಂಶಯ ಪಡುವವನು, ವಿಚಾರಿಸುವವನು, ಸ್ವಲ್ಪ ತಾಳಿರೆಂದು ಬೇಡುವವನು ಎಂಬ ಮೂರನೆಯ ವರ್ಗವು ಯಾವ ಸಮಾಜದಲ್ಲಿ ಅಳಿಯುತ್ತದೆಯೋ ಆ ಸಮಾಜಕ್ಕೆ ಹೊರಗಿನ ಶತ್ರುವಿನ ಅಗತ್ಯವಿಲ್ಲ.

ಕೊನೆಯ ಅಂಕಕ್ಕೆ ಬರುವ ಹೊತ್ತಿಗೆ ಭಯವು ದಿಕ್ಕನ್ನು ಬದಲಾಯಿಸಿರುತ್ತದೆ. ಯಜಮಾನರಿಲ್ಲದ ದನಗಳು ದಾರಿಯಲ್ಲಿ ಅಲೆಯುತ್ತವೆ, ಅನಾಥ ಮಕ್ಕಳು ಮನೆಯಿಂದ ಮನೆಗೆ ತಿರುಗುತ್ತಾರೆ, ಬೆಳೆ ಕೊಳೆಯುತ್ತದೆ. ಪಾದ್ರಿ ಪ್ಯಾರಿಸನ ಬಾಗಿಲಿಗೆ ಕಠಾರಿಯೊಂದು ಬಂದು ತಗಲುತ್ತದೆ. ಆಂಡೋವರ್ ಎಂಬ ಪಕ್ಕದ ಊರಿನವರು ನ್ಯಾಯಾಲಯವನ್ನೇ ಧಿಕ್ಕರಿಸಿ ದಂಗೆಯೆದ್ದರೆಂಬ ಸುದ್ದಿ ಹರಡುತ್ತದೆ. ಈಗ ನಡುಗುವವರು ನ್ಯಾಯ ಹೇಳುವ ಸ್ಥಾನದಲ್ಲಿ ಕುಳಿತವರು. ಆದರೂ ಡ್ಯಾನ್‌ಫೋರ್ತನು ಮಣಿಯುವುದಿಲ್ಲ. ಈಗಾಗಲೇ ಹನ್ನೆರಡು ಜನರನ್ನು ಗಲ್ಲಿಗೇರಿಸಿಯಾಗಿದೆ. ಉಳಿದವರನ್ನು ಬಿಟ್ಟರೆ ಸತ್ತವರ ಬಗ್ಗೆ ಸಂಶಯ ಮೂಡೀತು ಎಂಬುದೇ ಅವನ ತರ್ಕ. ಮಾಡಿದ ತಪ್ಪನ್ನು ಮುಚ್ಚಲು ಅದೇ ತಪ್ಪನ್ನು ಮತ್ತೆ ಮಾಡುವ ಈ ಅಧಿಕಾರಿಯು ಕ್ರೂರಿಯಲ್ಲ, ಲಂಚಕೋರನೂ ಅಲ್ಲ. ತನ್ನ ಮಟ್ಟಿಗೆ ಪ್ರಾಮಾಣಿಕನೇ. ಅವನಿಗೆ ಇಲ್ಲದಿರುವುದು ಒಂದೇ, ಪಶ್ಚಾತ್ತಾಪ ಪಡುವ ಧೈರ್ಯ.

ಪಾದ್ರಿ ಜಾನ್ ಹೇಲನ ಪಾತ್ರವು ಇದಕ್ಕೆ ಎದುರಾಗಿ ನಿಂತಿದೆ. ಭಾರವಾದ ಗ್ರಂಥಗಳನ್ನು ಹೊತ್ತು, ದೆವ್ವವನ್ನು ಲಕ್ಷಣಗಳಿಂದಲೇ ಗುರುತಿಸಬಲ್ಲೆನೆಂಬ ವಿದ್ಯಾಗರ್ವದಿಂದ ಅವನು ಸೇಲಂಗೆ ಬರುತ್ತಾನೆ. ಪ್ರಾಕ್ಟರನ ಮನೆಗೆ ಬಂದು ದೇವರ ಹತ್ತು ಆಜ್ಞೆಗಳನ್ನು ಒಪ್ಪಿಸಲು ಹೇಳುತ್ತಾನೆ. ಪ್ರಾಕ್ಟರನು ಒಂಬತ್ತನ್ನು ಹೇಳಿ ಒಂದನ್ನು ಮರೆಯುತ್ತಾನೆ. ಮರೆತದ್ದು ವ್ಯಭಿಚಾರ ಕೂಡದೆಂಬ ಆಜ್ಞೆ. ಹೆಂಡತಿಯು ಅದನ್ನು ನೆನಪಿಸುತ್ತಾಳೆ. ಬಾಯಿಪಾಠಕ್ಕೂ ಬದುಕಿಗೂ ಇರುವ ಅಂತರವನ್ನು ಇಷ್ಟು ಕಡಿಮೆ ಮಾತುಗಳಲ್ಲಿ ತೋರಿಸಿದ ದೃಶ್ಯ ಅಪರೂಪ. ಮುಂದೆ ಹೇಲನ ಕಣ್ಣು ತೆರೆಯುತ್ತದೆ. ನ್ಯಾಯಾಲಯವನ್ನು ಖಂಡಿಸಿ ಹೊರನಡೆಯುತ್ತಾನೆ. ಆದರೆ ಕೊನೆಯಲ್ಲಿ ಅವನು ಸೆರೆಯಾಳುಗಳಿಗೆ ಕೊಡುವ ಉಪದೇಶವೇನು? ಸುಳ್ಳಾದರೂ ಹೇಳಿ ಜೀವ ಉಳಿಸಿಕೊಳ್ಳಿರಿ ಎಂಬುದು. ಹೇಲನ ಮರುಕವು ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅವನ ಮರುಕವು ನ್ಯಾಯಾಲಯಕ್ಕೆ ಬೇಕಾದುದನ್ನೇ ಒದಗಿಸುತ್ತದೆ ಎಂಬುದು ಅವನಿಗೆ ಹೊಳೆಯುವುದಿಲ್ಲ. ಒಬ್ಬೊಬ್ಬನ ತಪ್ಪೊಪ್ಪಿಗೆಯೂ ಮುಂದಿನವನ ನೇಣಿಗೆ ಹೊಸೆದ ಹಗ್ಗವಾಗುತ್ತಿತ್ತು.

ಇದನ್ನು ಅರಿತವಳು ರೆಬೆಕಾ ನರ್ಸ್. ನಾಟಕದಲ್ಲಿ ಅವಳ ಮಾತುಗಳು ಕೆಲವೇ. ಸುಳ್ಳು ಹೇಳುವುದು ತನ್ನಿಂದ ಸಾಧ್ಯವಿಲ್ಲವೆಂದು ಅವಳು ಯಾವ ಆವೇಶವೂ ಇಲ್ಲದೆ ನುಡಿಯುತ್ತಾಳೆ. ನೇಣಿಗೆ ನಡೆಯುವಾಗ ಕಾಲು ತಡವರಿಸುತ್ತದೆ. ಬೆಳಿಗ್ಗೆ ಏನನ್ನೂ ತಿಂದಿಲ್ಲವೆಂದು ಸಮಜಾಯಿಷಿ ಕೊಡುತ್ತಾಳೆ. ವಿಮರ್ಶಕರು ಪ್ರಾಕ್ಟರನ ಬಂಡಾಯವನ್ನು ಹೊಗಳುವಾಗ ಈ ವೃದ್ಧೆಯನ್ನು ಬದಿಗೆ ಸರಿಸಿಬಿಡುತ್ತಾರೆ. ಪ್ರಾಕ್ಟರನು ತನ್ನ ಹೆಸರಿಗಾಗಿ ಸಾಯುತ್ತಾನೆ, ಅದು ದೊಡ್ಡದೇ. ರೆಬೆಕಾ ಸಾಯುವುದು ಸತ್ಯಕ್ಕಾಗಿ. ತನ್ನ ಹೆಸರೇನಾಗುವುದೆಂಬ ಚಿಂತೆಯೂ ಅವಳಿಗಿಲ್ಲ. ಅವಳು ಚರ್ಚನ್ನು ಬಿಟ್ಟವಳಲ್ಲ, ಪಾದ್ರಿಯನ್ನು ಬೈದವಳಲ್ಲ. ಚರ್ಚು ಎಳೆವಯಸ್ಸಿನಿಂದ ಕಲಿಸಿದುದನ್ನು ಚರ್ಚೇ ಮರೆತಾಗ ಅವಳು ಮರೆಯಲಿಲ್ಲ, ಅಷ್ಟೆ. ನನ್ನ ದೃಷ್ಟಿಯಲ್ಲಿ ಈ ನಾಟಕದ ಪರಮ ಪ್ರತಿಭಟನೆ ಇದೇ.

ಎಲಿಜಬೆತ್ತಳ ಪ್ರಸಂಗವು ಈ ಮಾತಿಗೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಎಂದೂ ಸುಳ್ಳಾಡದವಳೆಂದು ಗಂಡನೇ ಹೊಗಳಿದ ಆ ಸಾಧ್ವಿಯು, ಗಂಡನ ಮಾನವನ್ನು ಉಳಿಸಲೆಂದು ನ್ಯಾಯಾಲಯದಲ್ಲಿ ಒಂದೇ ಒಂದು ಸುಳ್ಳನ್ನು ಹೇಳುತ್ತಾಳೆ. ಆ ಒಂದು ಸುಳ್ಳು ಗಂಡನ ಕೊನೆಯ ಆಧಾರವನ್ನು ಮುರಿಯುತ್ತದೆ. ಪ್ರೇಕ್ಷಕರು ಅವಳನ್ನು ದೂಷಿಸಲಾರರು. ಆದರೆ ಪ್ರೀತಿಯಿಂದ ಹುಟ್ಟಿದ ಸುಳ್ಳೂ ಭಯದ ರಾಜ್ಯಕ್ಕೆ ಕಪ್ಪ ಒಪ್ಪಿಸಿದಂತೆಯೇ ಎಂಬ ಕಟುಸತ್ಯವನ್ನು ಆ ದೃಶ್ಯವು ಮನಗಾಣಿಸುತ್ತದೆ. ಆದಕಾರಣವೇ ಕೊನೆಯಲ್ಲಿ ಅವಳು ಗಂಡನನ್ನು ಬದುಕೆಂದೂ ಸಾಯೆಂದೂ ಹೇಳದೆ ಅವನ ಅಂತಃಸಾಕ್ಷಿಗೇ ಬಿಡುತ್ತಾಳೆ.

ಇಷ್ಟು ಗುಣಗಳುಳ್ಳ ನಾಟಕದಲ್ಲಿ ದೋಷಗಳಿಲ್ಲವೆ? ಇವೆ; ಅವುಗಳನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ಕೆಲವು ಪಾತ್ರಗಳನ್ನು ಒಂದುಗೂಡಿಸಿರುವೆನೆಂದೂ ಆಬಿಗೇಲಳ ವಯಸ್ಸನ್ನು ಏರಿಸಿರುವೆನೆಂದೂ ಮಿಲ್ಲರರು ಮುನ್ನುಡಿಯ ಟಿಪ್ಪಣಿಯಲ್ಲಿ ತಾವೇ ತಿಳಿಸಿದ್ದಾರೆ. ಅದು ನಾಟಕಕಾರನ ಸ್ವಾತಂತ್ರ್ಯ. ಆದರೆ ಅದರ ಫಲವನ್ನು ನೋಡಿರಿ. ಇತಿಹಾಸದ ಆಬಿಗೇಲಳಿಗೆ ಸುಮಾರು 11–12 ವರ್ಷ. ಪ್ರಾಕ್ಟರನು ಅರವತ್ತರ ಆಸುಪಾಸಿನವನು. ಅವರ ನಡುವೆ ಪ್ರಣಯವಿತ್ತೆಂಬುದಕ್ಕೆ ಆಧಾರವಿಲ್ಲ. ನಾಟಕವು ಅವಳನ್ನು 17ರ ಕಾಮಾತುರೆಯಾಗಿಸಿ ಇಡೀ ಅನರ್ಥಕ್ಕೆ ಒಬ್ಬ ಹೆಣ್ಣಿನ ಮತ್ಸರವನ್ನು ಮೂಲವಾಗಿಸಿದೆ. ಇದರಿಂದ ರಂಗದ ಮೇಲೆ ಕಾವು ಏರುತ್ತದೆ, ನಿಜ. ಆದರೆ ಸನ್ನದು ಕಳೆದುಕೊಂಡ ನಾಡಿನ ಕಳವಳ, ಗಡಿಯ ಯುದ್ಧ, ಅನಾಥರ ದುಃಸ್ವಪ್ನ, ಹಿರಿಯರ ಹಗೆತನ ಇವೆಲ್ಲ ಹಿಂದೆ ಸರಿದುಬಿಡುತ್ತವೆ. ಮಾಟಗಾತಿಯೊಬ್ಬಳನ್ನು ಹುಡುಕಿ ಎಲ್ಲ ಪಾಪವನ್ನೂ ಅವಳ ತಲೆಗೆ ಕಟ್ಟುವುದು ಸೇಲಂನವರ ತಪ್ಪಾಗಿದ್ದರೆ, ನಾಟಕಕಾರರೂ ಆ ತಪ್ಪಿನ ಅಂಚಿನವರೆಗೆ ಹೋಗಿದ್ದಾರೆಂದು ವಿನಯದಿಂದಲೇ ಹೇಳಬೇಕಾಗಿದೆ.

ಡ್ಯಾನ್‌ಫೋರ್ತನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ವಾಸ್ತವವಾಗಿ ಮರಣದಂಡನೆ ವಿಧಿಸಿದ ನ್ಯಾಯಾಲಯದ ಮುಖ್ಯಸ್ಥನು ಸ್ಟೌಟನ್. ಥಾಮಸ್ ಡ್ಯಾನ್‌ಫೋರ್ತನು ಪ್ರಾರಂಭದ ವಿಚಾರಣೆಯೊಂದರಲ್ಲಿ ಪಾಲ್ಗೊಂಡಿದ್ದನಾದರೂ ಆ ವಿಶೇಷ ನ್ಯಾಯಾಲಯದಲ್ಲಿ ಕುಳಿತವನಲ್ಲ. ಅದರ ಕ್ರಮಗಳನ್ನು ಒಪ್ಪದವರಲ್ಲಿ ಅವನ ಹೆಸರನ್ನು ಆ ಕಾಲದ ಪತ್ರವೊಂದು ಎಣಿಸಿದೆ. ತನ್ನ ಹೆಸರನ್ನು ಕಳೆದುಕೊಳ್ಳಲಾರೆನೆಂದು ನಾಯಕನು ಪ್ರಾಣ ಬಿಡುವ ನಾಟಕದಲ್ಲಿಯೇ ಬೇರೊಬ್ಬನ ಹೆಸರಿಗೆ ಮಸಿ ತಗಲಿರುವುದು ವಿಷಾದದ ಸಂಗತಿ.

ಆಂಡೋವರಿನ ದಂಗೆಯೂ ಕಲ್ಪಿತವೇ. ಇತಿಹಾಸದಲ್ಲಿ ಆ ಊರು ದಂಗೆಯೇಳಲಿಲ್ಲ. ಬದಲಾಗಿ ಬೇರೆಲ್ಲ ಊರುಗಳಿಗಿಂತ ಹೆಚ್ಚು ಮಂದಿ ಅಲ್ಲಿ ಸೆರೆಯಾಗಿ, ಬಂಧುಗಳ ಒತ್ತಾಯದಿಂದ ಸಾಲುಸಾಲಾಗಿ ತಪ್ಪೊಪ್ಪಿಕೊಂಡರು. ಬಳಿಕ, ಅಕ್ಟೋಬರಿನಲ್ಲಿ, ಅದೇ ಊರಿನವರು ತಮ್ಮವರ ಪರವಾಗಿ ಮನವಿಗಳನ್ನು ಬರೆದರು. ಫ್ರಾನ್ಸಿಸ್ ಡೇನ್ ಎಂಬ ಅಲ್ಲಿನ ವೃದ್ಧ ಪಾದ್ರಿಯು ತನ್ನ ಮನೆಯವರೇ ಆರೋಪಕ್ಕೆ ಗುರಿಯಾದಾಗಲೂ ಎದೆಗುಂದದೆ ಆ ಸುಳ್ಳುಗಳನ್ನು ವಿರೋಧಿಸಿದನು. ಕತ್ತಿ ಹಿಡಿದವರಿಗಿಂತ ಕಾಗದ ಹಿಡಿದವರೇ ಇಲ್ಲಿ ಮೇಲಾದರು. ಸೇಲಂನ ನಿಜವಾದ ಬಂಡಾಯದ ಸ್ವರೂಪವೇ ಹೀಗಿತ್ತು. ರೆಬೆಕಾ ನರ್ಸಳ ಪರವಾಗಿ 39 ಮಂದಿ ನೆರೆಯವರು ಪ್ರಾಣಭಯವನ್ನು ಲೆಕ್ಕಿಸದೆ ಸಹಿ ಹಾಕಿದರು. ತೀರ್ಪುಗಾರರು ಮೊದಲು ಅವಳನ್ನು ನಿರ್ದೋಷಿಯೆಂದೇ ಹೇಳಿದ್ದರು. ಸ್ಟೌಟನ್ನನ ಸೂಚನೆಯ ಮೇರೆಗೆ ಮತ್ತೆ ಯೋಚಿಸಿ ದೋಷಿಯೆಂದರು. ಪ್ರಾಕ್ಟರನು ಸೆರೆಮನೆಯಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಪತ್ರ ಬರೆದು, ಹುಡುಗರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆಯುತ್ತಿದ್ದುದನ್ನು ತಿಳಿಸಿ, ಬೇರೆ ನ್ಯಾಯಾಧೀಶರನ್ನು ಬೇಡಿದನು.

ಎಲ್ಲಕ್ಕಿಂತ ಮಿಗಿಲಾದವಳು ರೆಬೆಕಾಳ ತಂಗಿ ಮೇರಿ ಈಸ್ಟಿ. ಸೆಪ್ಟೆಂಬರ್ 22ರಂದು ಗಲ್ಲಿಗೇರುವ ಮುನ್ನ ಅವಳು ನ್ಯಾಯಾಧೀಶರಿಗೂ ಪಾದ್ರಿಗಳಿಗೂ ಒಂದು ಮನವಿಯನ್ನು ಸಲ್ಲಿಸಿದಳು. ತನ್ನ ಪ್ರಾಣವನ್ನು ಉಳಿಸಿರೆಂದು ಅದರಲ್ಲಿ ಕೇಳಲಿಲ್ಲ; ತಾನು ಸಾಯುವುದು ಖಚಿತವೆಂದು ಅವಳಿಗೆ ಗೊತ್ತಿತ್ತು. ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿರಿ, ದೂರು ಹೇಳುವವರನ್ನು ಬೇರೆ ಬೇರೆಯಾಗಿ ವಿಚಾರಿಸಿರಿ, ತಪ್ಪೊಪ್ಪಿಕೊಂಡವರನ್ನೂ ಪರೀಕ್ಷಿಸಿರಿ ಎಂದಷ್ಟೇ ಬೇಡಿದಳು. ಮಿಲ್ಲರರ ರಂಗದ ಮೇಲೆ ಈ ಮಹಾತಾಯಿಗೆ ಪಾತ್ರವಿಲ್ಲ. ಅವಳು ಬಂದಿದ್ದರೆ ಈ ನಾಟಕದ ಕೊನೆಯು ಇನ್ನೂ ಎತ್ತರಕ್ಕೆ ಏರುತ್ತಿತ್ತೇನೋ! ಸೇಲಂನಲ್ಲಿ ಗಲ್ಲಿಗೇರಿದವರ ಕೊನೆಯ ಗುಂಪು ಅವಳಿದ್ದುದೇ. ಅಕ್ಟೋಬರಿನಲ್ಲಿ ಹಿರಿಯ ಪಾದ್ರಿ ಇನ್‌ಕ್ರೀಸ್ ಮೇದರನು, ದೆವ್ವವು ನಿರಪರಾಧಿಯ ರೂಪವನ್ನೂ ತಾಳಬಲ್ಲುದಾದ್ದರಿಂದ ಛಾಯಾಸಾಕ್ಷ್ಯವನ್ನು ನಂಬಲಾಗದೆಂದು ವಾದಿಸಿದನು. ಅದೇ ತಿಂಗಳು ಫಿಪ್ಸನು ಆ ನ್ಯಾಯಾಲಯವನ್ನು ಮುಚ್ಚಿದನು. ತಡವಾದರೂ ತಿದ್ದುಪಡಿಯು ಧರ್ಮದ ಒಳಗಿನಿಂದಲೇ ಬಂದಿತೆಂಬುದನ್ನು ಗಮನಿಸಿರಿ.

ಮಿಲ್ಲರರು ಈ ಹಳೆಯ ಕಥೆಯನ್ನು ಎತ್ತಿಕೊಂಡುದಕ್ಕೆ ಅವರ ಕಾಲವೇ ಕಾರಣ. ಕಮ್ಯುನಿಸ್ಟರು ದೇಶದ ಒಳಗೆ ನುಸುಳಿದ್ದಾರೆಂಬ ಭೀತಿಯು 1950ರ ಸುಮಾರಿಗೆ ಅಮೆರಿಕವನ್ನು ಆವರಿಸಿತ್ತು. ಸಂಸತ್ತಿನ ಸಮಿತಿಗಳು ಲೇಖಕರನ್ನೂ ನಟರನ್ನೂ ಕರೆಸಿ, ಹಳೆಯ ಗೆಳೆಯರ ಹೆಸರುಗಳನ್ನು ಹೇಳಿದರೆ ಬಿಡುವೆವು ಎನ್ನುತ್ತಿದ್ದವು. ಮಿಲ್ಲರರ ಆಪ್ತ ನಿರ್ದೇಶಕ ಎಲಿಯಾ ಕಜಾನ್ 1952ರಲ್ಲಿ ಹೆಸರುಗಳನ್ನು ಹೇಳಿದರು. 1956ರಲ್ಲಿ ಮಿಲ್ಲರರ ಸರದಿ ಬಂದಾಗ ಅವರು ಇತರರ ಹೆಸರು ಹೇಳಲು ನಿರಾಕರಿಸಿದರು; 1957ರಲ್ಲಿ ಅವರನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು; 1958ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ತಾನು ಬರೆದ ಪಾತ್ರದ ಮಾತನ್ನು ಮೂರು ವರ್ಷಗಳ ತರುವಾಯ ತಾನೇ ಆಡಬೇಕಾಗಿ ಬಂದಾಗ ತಪ್ಪದೆ ಆಡಿದ ಲೇಖಕನ ಬಗ್ಗೆ ಗೌರವ ಮೂಡದಿರುವುದೆ? ನುಡಿಯು ನಡೆಯಾಗಬೇಕೆಂದು ಹಂಬಲಿಸುವ ನಮಗೆ ಇದು ಮೆಚ್ಚಿಕೆಯ ವಿಷಯ.

ನಾಟಕವು ನೇಣುಗಂಬದ ಬಳಿ ಮುಗಿಯುತ್ತದೆ. ಇತಿಹಾಸವು ಅಲ್ಲಿಗೆ ಮುಗಿಯಲಿಲ್ಲ. ಆ ಮುಂದಿನ ಭಾಗವನ್ನು ಹೇಳದೆ ಲೇಖನಿಯನ್ನು ಕೆಳಗಿಡಲಾರೆ. 1697ರ ಜನವರಿ 14ರಂದು ಇಡೀ ಪ್ರಾಂತವು ಉಪವಾಸವನ್ನು ಆಚರಿಸಿತು. ಅಂದು ಬಾಸ್ಟನ್ನಿನ ಚರ್ಚಿನಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸಿವಾಲನು ಸಭೆಯ ನಡುವೆ ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿಯಿಂದ ಓದಿಸಿ, ದೇವರ ಮತ್ತು ಜನರ ಕ್ಷಮೆಯನ್ನು ಬೇಡಿದನು. ತೀರ್ಪುಗಾರರು ಹನ್ನೆರಡು ಮಂದಿಯೂ ಕ್ಷಮೆ ಕೇಳಿದರು. 1706ರಲ್ಲಿ, ಹುಡುಗಿಯಾಗಿದ್ದಾಗ ಅನೇಕರ ಮೇಲೆ ದೂರು ಹೇಳಿದ್ದ ಆ್ಯನ್ ಪುಟ್ನಮ್ ಚರ್ಚಿನಲ್ಲಿ ಎದ್ದು ನಿಂತಳು. 1711ರಲ್ಲಿ ಸರಕಾರವು ಅನೇಕರ ಮೇಲಿನ ಕಳಂಕವನ್ನು ತೊಡೆದು 578 ಪೌಂಡು 12 ಷಿಲಿಂಗುಗಳ ಪರಿಹಾರವನ್ನು ಮಂಜೂರು ಮಾಡಿತು. 1692ರಲ್ಲಿ ರೆಬೆಕಾಳನ್ನು ಬಹಿಷ್ಕರಿಸಿದ್ದ ಚರ್ಚು 1712ರಲ್ಲಿ ತನ್ನ ದಾಖಲೆಯಿಂದ ಆ ಬಹಿಷ್ಕಾರವನ್ನು ಅಳಿಸಿತು. ಸ್ಟೌಟನ್ ಮಾತ್ರ ಕೊನೆಯವರೆಗೂ ತಪ್ಪನ್ನು ಒಪ್ಪಲಿಲ್ಲ. ಇನ್ನೂ ಒಂದು ಹೆಸರು ಉಳಿದಿತ್ತು: ಡೇನ್ ಪಾದ್ರಿಯ ಮೊಮ್ಮಗಳು ಎಲಿಜಬೆತ್ ಜಾನ್ಸನ್. ನಾರ್ತ್ ಆಂಡೋವರಿನ ಶಾಲೆಯೊಂದರ ಮಕ್ಕಳು ತಮ್ಮ ಶಿಕ್ಷಕಿಯೊಡನೆ ಪ್ರಯತ್ನಿಸಿದುದರ ಫಲವಾಗಿ 2022ರಲ್ಲಿ, 330 ವರ್ಷಗಳ ಬಳಿಕ, ಅವಳೂ ನಿರ್ದೋಷಿಯೆಂದು ಘೋಷಿತಳಾದಳು.

ವಾಚಕರೇ, ಭಯವು ಯಾವ ಸಮಾಜಕ್ಕೂ ಬರಬಹುದು; ಭಕ್ತರ ಸಮಾಜಕ್ಕೆ ಬರುವುದಿಲ್ಲವೆಂಬ ಭರವಸೆ ಯಾರಿಗೂ ಇಲ್ಲ. ಬಂದಾಗ ಅದು ದೇವರ ಹೆಸರನ್ನೇ ಹೇಳಿಕೊಂಡು ಬರುತ್ತದೆ, ಗುಂಪಿನ ಹಿತದ ಮಾತನ್ನೇ ಆಡುತ್ತದೆ. ಆಗ ನಮ್ಮ ಮುಂದೆ ಮೂರು ಪ್ರಶ್ನೆಗಳನ್ನು ಈ ನಾಟಕವು ಇಡುತ್ತದೆ. ದೂರಿಗೆ ಗುರಿಯಾದವನಿಗೆ ಉತ್ತರ ಕೊಡಲು ಅವಕಾಶವಿದೆಯೆ? ಅವನ ಪರವಾಗಿ ಒಳ್ಳೆಯ ಮಾತನ್ನಾಡಿದವನು ನಿರ್ಭಯವಾಗಿ ಮನೆಗೆ ಮರಳಬಲ್ಲನೆ? ತಪ್ಪಾಯಿತೆಂದು ತಿಳಿದಾಗ ಎದ್ದು ನಿಂತು ಒಪ್ಪಿಕೊಳ್ಳುವ ಸಿವಾಲನು ನಮ್ಮಲ್ಲಿ ಇದ್ದಾನೆಯೆ? ಈ ಮೂರಕ್ಕೂ ಹೌದೆಂದು ಹೇಳಬಲ್ಲ ಸಮುದಾಯದಲ್ಲಿ ಶ್ರದ್ಧೆಯು ಬೆಳಕಾಗಿರುತ್ತದೆ. ಹೇಳಲಾಗದಿದ್ದರೆ, ಅಲ್ಲಿ ಎಷ್ಟೇ ಪೂಜೆ ಪ್ರಾರ್ಥನೆಗಳು ನಡೆಯಲಿ, ಮೂಸೆಯಲ್ಲಿ ಕೊನೆಗೆ ಉಳಿಯುವುದು ಚಿನ್ನವಲ್ಲ. ನಾಟಕವನ್ನು ಓದಿರಿ, ಓದಿ ಮುಗಿಸಿದ ಮೇಲೆ ಪ್ರಾಕ್ಟರನ ಜೊತೆಗೆ ರೆಬೆಕಾಳನ್ನೂ, ರಂಗಕ್ಕೆ ಬಾರದ ಮೇರಿ ಈಸ್ಟಿಯನ್ನೂ ನೆನೆಯಿರಿ.